ಅರ್ಧ ಬಾನೆಟ್

ಈ ಕೆಲಸಕ್ಕೆ ಹೊಸದಾಗಿ ಬರುವವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ರೋಟರಿ ತಗೊಳ್ಳಲೋ, ಆರ್ಬಿಟಲ್ ತಗೊಳ್ಳಲೋ? ಹೆಣ್ಣು ನೋಡಿ ಬಂದವರ ಹಾಗೆ ಎರಡೂ ಮಷೀನಿನ ಫೋಟೋ ಮೊಬೈಲಿನಲ್ಲಿ ಹಿಡಿದುಕೊಂಡು ಬರುತ್ತಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕುರ್ಲಾದಲ್ಲಿ, ಕೊನೆಗೆ ಅಂಧೇರಿಯಲ್ಲಿ, ಕಂಡವರ ಕಾರಿಗೆಲ್ಲ ಪಾಲಿಶ್ ಹೊಡೆದು ಈಗ ಮನೆಯಲ್ಲಿ ಕೂತಿದ್ದೇನೆ. ಸ್ವಂತಕ್ಕೆ ಒಂದು ಸೈಕಲ್ಲೂ ಇಲ್ಲ. ಆದರೂ ಕಾರಿನ ಬಗ್ಗೆ ನನ್ನನ್ನು ಕೇಳುತ್ತಾರೆ, ನಾನೂ ಹೇಳುತ್ತೇನೆ. ಬಹಳ ವರ್ಷ ನಾನು ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ, ಅದೂ ಎದೆ ಸೆಟೆಸಿಕೊಂಡು. ಅದು ಹೇಗೆ ತಪ್ಪಾಯಿತು ಎಂಬುದನ್ನು ಇಲ್ಲಿ ಬರೆದಿಟ್ಟುಬಿಡುತ್ತೇನೆ.

ನನ್ನ ಹೆಸರು ರಾಜೇಸಾಬ, ಸಿಂದಗಿ ಕಡೆಯವನು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಗ್ಯಾರೇಜಿನಲ್ಲಿ ಹಿಂದಿ, ಬಯ್ಯುವಾಗ ಮೂರೂ. ಕೆಲಸದಲ್ಲಿ ಎಲ್ಲರೂ ನನ್ನನ್ನು ಉಸ್ತಾದ್ ಎನ್ನುತ್ತಿದ್ದರು. ಈ ಬಿರುದನ್ನು ಯಾರೂ ಕರೆದು ಕೊಡುವುದಿಲ್ಲ. ಹಳೇ ಉಸ್ತಾದ್ ಊರಿಗೆ ಹೋದ ಮೇಲೆ ಉಳಿದವರಲ್ಲಿ ಯಾರ ಹೊಟ್ಟೆ ದೊಡ್ಡದೋ ಅವನಿಗೆ ತಾನಾಗಿ ಬಂದು ಅಂಟಿಕೊಳ್ಳುತ್ತದೆ.

ಮೊದಲು ಕೆಲಸ ಏನೆಂದು ಹೇಳಬೇಕು. ಪಾಲಿಶ್ ಎಂದರೆ ಕಾರಿಗೆ ಹೊಳಪು ಹಚ್ಚುವುದು ಎಂದು ಜನ ತಿಳಿದಿದ್ದಾರೆ. ನಾವು ಹಚ್ಚುವುದಿಲ್ಲ, ಕೆರೆಯುತ್ತೇವೆ. ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ, ಹಾಲಿನ ಕೆನೆಗಿಂತ ತೆಳು. ಅದರ ಮೇಲೆ ಬಿದ್ದ ಗೀರುಗಳು ಹೋಗಬೇಕಾದರೆ ಆ ಪದರವನ್ನೇ ಚೂರು ಚೂರು ತೆಗೆಯಬೇಕು. ರೋಟರಿ ಮಷೀನಿನ ಪ್ಯಾಡು ಒಂದೇ ಕೀಲಿನ ಮೇಲೆ ಬುಗುರಿಯಂತೆ ಗರಗರ ತಿರುಗುತ್ತದೆ. ಬೇಗ ಕೆರೆಯುತ್ತದೆ, ಕೈ ಒಂದು ಕ್ಷಣ ನಿಂತರೆ ಅಲ್ಲಿಯೇ ಸುಡುತ್ತದೆ. ಆರ್ಬಿಟಲ್ ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ, ಕುಡಿದವನು ಮನೆಗೆ ಹೋಗುವ ಹಾಗೆ. ನಿಧಾನ, ಆದರೆ ಯಾರನ್ನೂ ಸುಡುವುದಿಲ್ಲ.

ನನಗೆ ರೋಟರಿ ಕಲಿಸಿದವರು ಇಬ್ರಾಹಿಂ ಉಸ್ತಾದ್. ಕುರ್ಲಾದ ಒಂದು ಗಲ್ಲಿಯಲ್ಲಿ ತಗಡಿನ ಶೆಡ್ಡು, ಒಳಗೆ ಎರಡು ಕಾರು ನಿಂತರೆ ಮೂರನೆಯವನು ಉಸಿರು ಬಿಗಿಹಿಡಿದು ನಡೆಯಬೇಕು. ಅವರು ಕಲಿಸುವ ರೀತಿಯೇ ಬೇರೆ. ಚಹಾದವನು ನಮ್ಮ ಶೆಡ್ಡಿನಿಂದ ಹೊರಟು, ಗಲ್ಲಿಯ ಕೊನೆಯ ಲೇತ್ ಅಂಗಡಿಗೆ ಚಹಾ ಕೊಟ್ಟು, ಖಾಲಿ ಗ್ಲಾಸು ಎತ್ತಿಕೊಂಡು ಮರಳುವ ತನಕ ನಾನು ಓಡುವ ಮಷೀನನ್ನು ಗಾಳಿಯಲ್ಲಿ ನೇರವಾಗಿ ಹಿಡಿದು ನಿಂತಿರಬೇಕು. “ಹಾಥ್ ಕಾಂಪಾ ತೋ ಗಾಡಿ ಗಯಿ,” ಎನ್ನುತ್ತಿದ್ದರು, ಕೈ ನಡುಗಿತೋ ಗಾಡಿ ಕೆಟ್ಟಿತು ಎಂದು. ಲೇತ್ ಅಂಗಡಿಯವನು ಮಹಾ ಮಾತುಗಾರ. ಚಹಾದವನನ್ನು ನಿಲ್ಲಿಸಿಕೊಂಡು ತನ್ನ ಮಗಳಿಗೆ ಗಂಡು ಹುಡುಕುವ ಕತೆ ಹೇಳುತ್ತಿದ್ದ. ಆ ಮಗಳ ಮದುವೆ ಗೊತ್ತಾಗುವ ತನಕ ನನ್ನ ಭುಜಕ್ಕೆ ನೆಮ್ಮದಿ ಇರಲಿಲ್ಲ. ಈಗಲೂ ಆ ಹುಡುಗಿಯ ಗಂಡನಿಗೆ ಮನಸ್ಸಿನಲ್ಲೇ ಸಲಾಂ ಹೇಳುತ್ತೇನೆ.

ಉಳಿದದ್ದನ್ನು ಅವರು ಬಯ್ದು ಕಲಿಸಿದರು. ವಯರನ್ನು ಭುಜದ ಮೇಲಿಂದ ಬೆನ್ನಿಗೆ ಹಾಕಿಕೊಳ್ಳಬೇಕು, ಕಾರಿಗೆ ತಾಗಬಾರದು. ಬೆಲ್ಟು, ವಾಚು, ಉಂಗುರ ತೆಗೆದಿಟ್ಟೇ ಕಾರಿನ ಹತ್ತಿರ ಬರಬೇಕು. ಬಾನೆಟ್ಟಿನ ಅಂಚಿಗೆ, ತಗಡು ಮಡಿದು ಎದ್ದಿರುವ ಏಣುಗಳಿಗೆ ಟೇಪು ಅಂಟಿಸಬೇಕು, ಯಾಕೆಂದರೆ ಏಣಿನ ಮೇಲೆ ಪದರ ಇನ್ನೂ ತೆಳು. ನಡುನಡುವೆ ಅಂಗೈಯ ಹಿಂಬದಿ ಇಟ್ಟು ತಗಡಿನ ಬಿಸಿ ನೋಡಬೇಕು. ಮಗುವಿಗೆ ಜ್ವರ ನೋಡುವ ಹಾಗೆ ನೋಡು, ಎನ್ನುತ್ತಿದ್ದರು. ಅವರ ಸ್ವಂತ ಮಕ್ಕಳ ಜ್ವರ ಅವರು ನೋಡಿದ್ದನ್ನು ಯಾರೂ ಕಂಡಿಲ್ಲ.

ಇಷ್ಟೆಲ್ಲ ಕಲಿತೂ ನಾನು ಒಮ್ಮೆ ಸುಟ್ಟೆ. ಸಯನ್ನಿನ ಒಬ್ಬ ಡಾಕ್ಟರು, ಧಾರವಾಡದ ಕಡೆಯವರು, ಕೆಂಪು ಕಾರು ಕೊಟ್ಟು ಹೋಗಿದ್ದರು. ಟೇಪು ಮುಗಿದಿತ್ತು. ತರಲು ಅಂಗಡಿಗೆ ಹೋಗುವುದಕ್ಕೆ ಸೋಮಾರಿತನ. ನನ್ನ ಕೈ ಮೇಲೆ ನನಗೆ ಅಷ್ಟು ಭರವಸೆ! ಬಾಗಿಲಿನ ಏಣಿನ ಮೇಲೆ ಪ್ಯಾಡು ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ನಿಂತಿತು. ಕೆಂಪಿನ ನಡುವೆ ಬೆರಳುದ್ದದ ಬೂದಿ ಬಣ್ಣ ಹಲ್ಲು ಕಿರಿಯಿತು. ಡಾಕ್ಟರು ಬಂದಾಗ ನಾನು ತಪ್ಪನ್ನು ಹಕ್ಕಿಯ ಮೇಲೆ ಹಾಕಿದೆ. ಹಿಕ್ಕೆ ಬಿದ್ದು ಬಣ್ಣ ತಿಂದಿದೆ ಸಾಹೇಬರೆ, ಈ ಪಾರಿವಾಳಗಳ ಹೊಟ್ಟೆಯಲ್ಲಿ ಆ್ಯಸಿಡ್ ಇರುತ್ತದೆ ಎಂದೆ.

ಡಾಕ್ಟರು ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಇದು ಹಕ್ಕಿ ಮಾಡಿದ್ದಲ್ಲಪಾ,” ಎಂದರು. “ಇದು ಸುಟ್ಟ ಗಾಯ. ನಾ ದಿನಾ ನೋಡ್ತೀನಿ. ಸುಟ್ಟವರು ಹಿಂಗ ಸುಳ್ಳು ಹೇಳೂದನ್ನೂ ದಿನಾ ಕೇಳ್ತೀನಿ.” ಆಮೇಲೆ ಒಂದು ಮಾತೂ ಬಯ್ಯಲಿಲ್ಲ. ಬಾಗಿಲಿಗೆ ಮತ್ತೆ ಬಣ್ಣ ಹೊಡೆಸಿ ಕೊಟ್ಟೆವು. ಬಯ್ದಿದ್ದರೆ ಅಂದೇ ಮರೆಯುತ್ತಿದ್ದೆ.

ಸುಡದಿದ್ದರೂ ರೋಟರಿಗೆ ಇನ್ನೊಂದು ಗುಣವುಂಟು. ಅದು ಹೋದ ದಾರಿಯಲ್ಲಿ ಸಣ್ಣ ಸುತ್ತುಗೆರೆಗಳನ್ನು ಬಿಟ್ಟು ಹೋಗುತ್ತದೆ. ಈಗಿನವರು ಹೊಲೋಗ್ರಾಮ್ ಎನ್ನುತ್ತಾರೆ, ನಾವು ಸುತ್ತು ಎನ್ನುತ್ತಿದ್ದೆವು. ನೆರಳಿನಲ್ಲಿ ಕಾಣಿಸುವುದಿಲ್ಲ. ಕಾರು ಬಿಸಿಲಿಗೆ ಬಂದ ಕೂಡಲೇ ಜೇಡರ ಬಲೆಯಂತೆ ಎದ್ದು ಕೂರುತ್ತದೆ, ಕಪ್ಪು ಕಾರಿನ ಮೇಲಂತೂ ಕೇಳಲೇಬೇಡಿ. ಇದಕ್ಕೆ ನಮ್ಮ ಗಲ್ಲಿಯಲ್ಲೆಲ್ಲ ಎರಡು ಉಪಾಯ ಇದ್ದವು. ಒಂದು, ಕಾರನ್ನು ಯಾವಾಗಲೂ ಸಂಜೆಗೆ, ಶೆಡ್ಡಿನ ಟ್ಯೂಬ್‌ಲೈಟಿನ ಕೆಳಗೇ ಗಿರಾಕಿಗೆ ತೋರಿಸುವುದು. ಎರಡು, ಕೊನೆಗೆ ಒಂದು ಜಿಡ್ಡಿನ ಗ್ಲೇಜು ಸವರುವುದು. ನಾವು ಅದಕ್ಕೆ ಎಣ್ಣೆ ಎಂದೇ ಕರೆಯುತ್ತಿದ್ದೆವು. ಅದು ಗೆರೆಗಳೊಳಗೆ ಕೂತು ಎಲ್ಲವನ್ನೂ ಮುಚ್ಚುತ್ತದೆ. ನಾಲ್ಕು ಸಲ ತೊಳೆದ ಮೇಲೆ ಎಣ್ಣೆ ಹೋಗಿ ಸುತ್ತು ಮತ್ತೆ ಹೊರಬರುತ್ತದೆ. ಗಿರಾಕಿ ಕೇಳಿದರೆ ನಿಮ್ಮ ಬಿಲ್ಡಿಂಗಿನ ಕಾರು ಒರೆಸುವವನ ಬಟ್ಟೆ ಸರಿಯಿಲ್ಲ ಎನ್ನುವುದು. ಆ ಬಡಪಾಯಿಗಳ ಶಾಪ ನಮ್ಮ ಮೇಲೆ ಎಷ್ಟಿದೆಯೋ!

ಇಬ್ರಾಹಿಂ ಉಸ್ತಾದ್ ಊರಿಗೆ ಹೋದ ಮೇಲೆ ಶೆಡ್ಡನ್ನು ಭಾಸ್ಕರಣ್ಣ ಎಂಬವರು ತೆಗೆದುಕೊಂಡರು. ಉಡುಪಿ ಕಡೆಯವರು, ಹೊಸದು ಕಂಡರೆ ಬಿಡುವವರಲ್ಲ. ಒಂದು ದಿನ ಎಲ್ಲಿಯೋ ಪ್ರದರ್ಶನ ನೋಡಿ ಬಂದು ಪೆಟ್ಟಿಗೆಯಿಂದ ಆರ್ಬಿಟಲ್ ಮಷೀನು ಹೊರತೆಗೆದರು.

“ಉಸ್ತಾದ್ರೆ, ಇದು ಸುಡುವುದೇ ಇಲ್ಲವಂತೆ ಮಾರಾಯ್ರೆ. ಮಕ್ಕಳು ಹಿಡಿದರೂ ಕಾರಿಗೆ ಏನೂ ಆಗುವುದಿಲ್ಲವಂತೆ.”

“ಹಂಗಾರ ಮಕ್ಕಳಿಗೇ ಕೊಡ್ರಿ,” ಎಂದೆ.

ಎಲ್ಲರೂ ನಕ್ಕರು. ನಾನು ಅದನ್ನು ಹಿಡಿದು, ರೋಟರಿಗೆ ಒತ್ತುವ ಹಾಗೆ ಮೈಭಾರವೆಲ್ಲ ಹಾಕಿ ಒತ್ತಿದೆ. ಅದು ತಿರುಗುವುದನ್ನೇ ನಿಲ್ಲಿಸಿ ಸುಮ್ಮನೆ ನಡುಗತೊಡಗಿತು. ನೋಡಿದಿರಾ, ಸತ್ತೇ ಹೋಯಿತು, ಇದು ಸೊಂಟ ನೋವಿಗೆ ಮಸಾಜ್ ಮಾಡುವ ಮಷೀನು ಎಂದು ಸಾರಿದೆ. ಅದಕ್ಕೆ ಆ ದಿನದಿಂದ ‘ಮಸಾಜ್’ ಎಂದೇ ಹೆಸರಾಯಿತು. ಮೂಲೆ ಸೇರಿತು.

ಅದನ್ನು ಮೂಲೆಯಿಂದ ಎತ್ತಿಕೊಂಡವಳು ಶಾಂತವ್ವ. ಅವಳು ನಮ್ಮಲ್ಲಿ ಕಾರು ತೊಳೆಯುತ್ತಿದ್ದಳು. ಬಾಗಲಕೋಟೆ ಕಡೆಯವಳು, ನಲವತ್ತರ ಹತ್ತಿರದ ಪ್ರಾಯ. ಬೆಳಿಗ್ಗೆಯಿಂದ ಸಂಜೆ ತನಕ ಶಾಂಪೂ ನೀರಿನಲ್ಲಿ ಕೈ. ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಸುಲಿದು ರಕ್ತ ಬರುತ್ತಿತ್ತು. ಔಷಧಿಯವರು ಮುಲಾಮು ಕೊಟ್ಟು, ಕೈ ಒಣಗಿಸಿಟ್ಟರೆ ಮಾತ್ರ ವಾಸಿಯಾಗುತ್ತದೆ ಎಂದಿದ್ದರಂತೆ. ಗ್ಲೌಸ್ ಹಾಕು ಎಂದರೆ ಹಾಕುತ್ತಿರಲಿಲ್ಲ. ಗ್ಲೌಸ್ ಹಾಕಿದರೆ ಬಟ್ಟೆಯೊಳಗೆ ಸೇರಿದ ಮರಳು ಬೆರಳಿಗೆ ತಿಳಿಯುವುದಿಲ್ಲ, ಆ ಮರಳೇ ಕಾರನ್ನು ಗೀರುತ್ತದೆ. ಅವಳ ಮಾತು ಸರಿಯೇ.

ಊಟದ ಹೊತ್ತಿನಲ್ಲಿ ಅವಳು ಒಂದು ಗುಜರಿ ಬಾಗಿಲನ್ನು ಗೋಡೆಗೆ ಒರಗಿಸಿ ಮಸಾಜ್ ಮಷೀನು ಓಡಿಸುತ್ತಿದ್ದಳು. ಒಂದು ದಿನ ನೋಡಿದೆ, ಪ್ಯಾಡು ಕೂರುವ ತಟ್ಟೆಯ ಅಂಚಿಗೆ ಉಗುರಿಗೆ ಹಚ್ಚುವ ಬಣ್ಣದಿಂದ ಕೆಂಪು ಗೆರೆ ಎಳೆದಿದ್ದಾಳೆ.

“ಮಷೀನಿಗೂ ಸಿಂಗಾರ ಮಾಡೀಯೇನು?” ಎಂದೆ.

“ಇಲ್ರೀ ಉಸ್ತಾದ್ರ. ಗೆರಿ ತಿರುಗೂದು ಕಂಡ್ರ ಮಷೀನು ಕೆಲಸಾ ಮಾಡಾಕತ್ತೈತಿ ಅಂತ. ಗೆರಿ ನಿಂತ್ರ ನಾ ಭಾಳ ಒತ್ತಾಕತ್ತೀನಿ ಅಂತ. ಅವತ್ತ ನೀವು ಒತ್ತಿದ್ದಕ್ಕ ಅದು ನಿಂತಿತ್ತು. ಮಷೀನು ಕೆಟ್ಟಿಲ್ರೀ.”

ನನ್ನ ಮುಖಕ್ಕೆ ನೀರು ಎರಚಿದ ಹಾಗಾಯಿತು. ಕಾರು ತೊಳೆಯುವವಳು ಉಸ್ತಾದನಿಗೆ ಹೇಳುವುದೇ? ನಕ್ಕುಬಿಟ್ಟೆ. ಆದರೆ ಅವಳು ಹೋದ ಮೇಲೆ ಆ ಬಾಗಿಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಷ್ಟೋ ಹೊತ್ತು ನೋಡಿದೆ. ಒಂದೂ ಸುತ್ತು ಇರಲಿಲ್ಲ.

ಈ ಮಷೀನಿನ ವಿಷಯದಲ್ಲಿ ಅವಳಿಂದ ತಿಳಿದದ್ದು, ಆಮೇಲೆ ನಾನೇ ಮಾಡಿ ನೋಡಿದ್ದು ಎರಡನ್ನೂ ಸೇರಿಸಿ ಹೊಸಬರಿಗೆ ಹೇಳುತ್ತೇನೆ. ಮತ್ತೆ ಬಣ್ಣ ಹೊಡೆದು ಉಪ್ಪುಕಾಗದದಿಂದ ಉಜ್ಜಿದ ತಗಡು, ಆಳವಾದ ಗೀರು, ವರ್ಷಗಟ್ಟಲೆ ಬಿಸಿಲಿಗೆ ನಿಂತು ಸತ್ತ ಬಣ್ಣ, ಇವುಗಳಿಗೆ ಉಣ್ಣೆಯ ಪ್ಯಾಡು ಹಾಕಿದ ರೋಟರಿಯೇ ಬೇಕು. ಆರ್ಬಿಟಲ್ ಹಿಡಿದು ಕೂತರೆ ಗಡ್ಡ ಬೆಳೆಯುತ್ತದೆ. ಅಂಚು, ಏಣು, ಪ್ಲಾಸ್ಟಿಕ್ಕಿನ ಬಂಪರು, ಮೆತ್ತನೆಯ ಕಪ್ಪು ಬಣ್ಣ, ಮತ್ತು ಯಾವ ಕಾರಿನದೇ ಇರಲಿ ಕೊನೆಯ ಕೈ, ಇವೆಲ್ಲ ಆರ್ಬಿಟಲ್ಲಿಗೆ. ಒತ್ತಬೇಡಿ, ಮಷೀನಿನ ಭಾರವೇ ಸಾಕು. ಆದರೆ ದಿನವಿಡೀ ಹಿಡಿದರೆ ಅದರ ನಡುಕಕ್ಕೆ ಬೆರಳು ಜೋಮು ಹಿಡಿಯುತ್ತದೆ, ನಡುವೆ ಬಿಡುವು ಕೊಡಿ. ಒಂದೇ ಕೊಳ್ಳುವುದಾದರೆ ಆರ್ಬಿಟಲ್ ಕೊಳ್ಳಿ. ರೋಟರಿಯನ್ನು ಗುಜರಿ ಬಾನೆಟ್ಟಿನ ಮೇಲೆ ಕಲಿಯಿರಿ, ಡಾಕ್ಟರ ಬಾಗಿಲಿನ ಮೇಲಲ್ಲ.

ಮುಂದೆ ಭಾಸ್ಕರಣ್ಣ ಅಂಧೇರಿಯಲ್ಲಿ ಹೊಸ ಅಂಗಡಿ ಮಾಡುವುದಾಗಿ ಹೇಳಿದರು. ಗಾಜಿನ ಬಾಗಿಲು, ಬಿಳಿ ನೆಲ. ಅಲ್ಲಿ ತೊಳೆಯುವುದಕ್ಕೆ ಬೇರೆ ಜನ, ಪಾಲಿಶಿಗೆ ಒಬ್ಬ ಮುಖ್ಯಸ್ಥ. ಶಾಂತವ್ವ ಮೊದಲು ನನ್ನ ಹತ್ತಿರ ಬಂದಳು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಉಸ್ತಾದ್ರ, ನಂದೊಂದು ಮಾತು ಸೇಠ್‌ಗ ಹೇಳ್ರಿ. ನನ್ನ ಪಾಲಿಶಿಗೆ ಹಾಕ್ಲಿ. ಈ ಕೈ ಇನ್ನ ನೀರಾಗ ಇಟ್ರ ರೊಟ್ಟಿ ಬಡಿಯಾಕೂ ಬರಂಗಿಲ್ರೀ.”

ನೋಡೋಣ ಎಂದೆ. ಹೇಳಲಿಲ್ಲ. ಅವಳು ಒಂದು ವಾರ ಕಾದು ತಾನೇ ಹೋಗಿ ಕೇಳಿದಳು. ಭಾಸ್ಕರಣ್ಣನಿಗೆ ಪೇಚು. ಹಳೇ ಉಸ್ತಾದನನ್ನು ಬಿಡುವ ಹಾಗಿಲ್ಲ, ಅವಳು ಮಾಡಿದ ಗುಜರಿ ಬಾಗಿಲನ್ನೂ ನೋಡಿದ್ದರು. ಕೊನೆಗೆ ತಮ್ಮ ಸ್ವಂತ ಕಪ್ಪು ಕಾರನ್ನೇ ತಂದು ನಿಲ್ಲಿಸಿದರು.

“ಬಾನೆಟ್ಟಿನ ನಡುವೆ ಟೇಪ್ ಹಾಕುವ. ಒಂದು ಬದಿ ಉಸ್ತಾದ್ರು ರೋಟರಿಯಲ್ಲಿ ಮಾಡಲಿ, ಒಂದು ಬದಿ ಶಾಂತವ್ವ ಅವಳ ಮಷೀನಲ್ಲಿ. ಯಾವ ಬದಿ ಚಂದ ಕಾಣ್ತದೋ ಅವರು ಅಂಧೇರಿಗೆ. ಸಂಜೆ ಬಂದು ನೋಡ್ತೇನೆ.”

ನಾನು ನನ್ನ ಬದಿಯನ್ನು ಬೇಗ ಮುಗಿಸಿದೆ. ಕೈಯೇನೂ ನಡುಗಲಿಲ್ಲ. ಆದರೂ ಕಪ್ಪು ಬಣ್ಣ, ರೋಟರಿ. ಬಾನೆಟ್ಟಿಗೆ ಮೊಬೈಲಿನ ಟಾರ್ಚ್ ಹಿಡಿದರೆ ನನ್ನ ಅರ್ಧದ ತುಂಬ ಸುತ್ತು. ಅವಳ ಅರ್ಧದಲ್ಲಿ ನನ್ನ ಮುಖ ಕಂಡಿತು, ಮೀಸೆಯ ಕೂದಲು ಎಣಿಸುವ ಹಾಗೆ. ಆಗ ನಾನು ಎಲ್ಲರನ್ನೂ ಚಹಾಕ್ಕೆ ಕಳಿಸಿದೆ. ಎಣ್ಣೆ ಬಾಟಲಿ ತೆಗೆದು ಮದುವೆಗಂಡಿನ ತಲೆಗೆ ತಿಕ್ಕುವ ಹಾಗೆ ನನ್ನ ಅರ್ಧಕ್ಕೆ ತಿಕ್ಕಿದೆ. ಅವಳ ಕೈ ಹೇಗಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಇದನ್ನು ಮೆತ್ತಗೆ ಬರೆಯಲು ನನಗೆ ಬರುವುದಿಲ್ಲ.

ಸಂಜೆ ಟ್ಯೂಬ್‌ಲೈಟಿನ ಕೆಳಗೆ ಭಾಸ್ಕರಣ್ಣ ಟೇಪು ಎಳೆದರು. ನನ್ನ ಬದಿ ತುಪ್ಪದ ಹಾಗೆ ಮಿನುಗಿತು. “ಅನುಭವ ಅಂದರೆ ಅನುಭವವೇ,” ಎಂದು ನನ್ನ ಬೆನ್ನು ತಟ್ಟಿದರು. ಶಾಂತವ್ವ ಎರಡೂ ಬದಿಯನ್ನು ನೋಡಿದಳು. ನನ್ನ ಬದಿಯ ಮೇಲೆ ಒಂದು ಬೆರಳು ಎಳೆದು, ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿಕೊಂಡಳು. “ಛಲೋ ಆತ್ರಿ ಉಸ್ತಾದ್ರ,” ಎಂದು ಹೇಳಿ, ಒದ್ದೆ ಏಪ್ರನ್ ಕಟ್ಟಿಕೊಂಡು ಉಳಿದ ಕಾರು ತೊಳೆಯಲು ಹೋದಳು. ಹೊಸ ಅಂಗಡಿ ತೆರೆಯುವ ತನಕ ಕಾರಿಗೆ ಕವರು ಹಾಕಿ ಶೆಡ್ಡಿನಲ್ಲೇ ಇಟ್ಟೆವು.

ಅಂಧೇರಿ ಅಂಗಡಿ ತೆರೆಯುವ ದಿನ ಬಂತು. ಆ ಕಪ್ಪು ಕಾರನ್ನು ಅಂಗಡಿಯ ಬಾಗಿಲಲ್ಲೇ ನಿಲ್ಲಿಸಬೇಕೆಂದು ಭಾಸ್ಕರಣ್ಣನ ಆಸೆ. ಅದಕ್ಕೊಂದು ಹೊಳಪು ಕಾಯುವ ಕೋಟಿಂಗ್ ಹಚ್ಚಿ ಸಿದ್ಧ ಮಾಡಿಡಿ, ಹತ್ತೂವರೆಗೆ ಶೆಡ್ಡಿಗೆ ಬರುತ್ತೇನೆ ಎಂದು ಫೋನ್ ಮಾಡಿದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ ಶಾಂತವ್ವನಿಗೆ ಹುಕುಂ ಕೊಟ್ಟೆ.

“ಗಾಡಿ ಹೊರಗ ತೊಳಿ. ತೊಳದು ಬಾನೆಟ್ಟಿಗೆ ಸ್ಪಿರಿಟ್ ಹಚ್ಚಿ ಚಂದಗೆ ಒರಸು. ಜಿಡ್ಡು ಒಂಚೂರೂ ಉಳಿಬಾರದು.”

ಕೋಟಿಂಗ್ ಹಚ್ಚುವ ಮೊದಲು ಸ್ಪಿರಿಟ್ ಒರೆಸುವುದು ಕ್ರಮ, ಜಿಡ್ಡಿದ್ದರೆ ಕೋಟಿಂಗ್ ಹಿಡಿಯುವುದಿಲ್ಲ. ಕ್ರಮ ನನಗೆ ಬಾಯಿಪಾಠ. ಆ ಜಿಡ್ಡು ನಾನೇ ತಿಕ್ಕಿದ್ದೆಂಬುದು ಮಾತ್ರ ಇಸ್ತ್ರಿ ಅಂಗಿಯೊಳಗಿದ್ದ ಮುಖ್ಯಸ್ಥನಿಗೆ ನೆನಪಾಗಲಿಲ್ಲ.

“ಉಸ್ತಾದ್ರ, ಒಂದೀಟು ಬರ್ರಿ,” ಎಂದು ಕರೆದಳು. ಹೊರಗೆ ಹೋದೆ. ಹತ್ತು ಗಂಟೆಯ ಬಿಸಿಲು ಬಾನೆಟ್ಟಿನ ಮೇಲೆ ನೆಟ್ಟಗೆ ಬಿದ್ದಿತ್ತು. ಅವಳ ಅರ್ಧ ಬಾವಿಯ ನೀರಿನಂತಿತ್ತು. ನನ್ನ ಅರ್ಧದಲ್ಲಿ ನಾನು ನಡೆದಂತೆ ಸುತ್ತುಗಳ ಬಲೆಯೂ ನಡೆಯುತ್ತಿತ್ತು. ಕೈಯಲ್ಲಿದ್ದ ಚಹಾದ ಗ್ಲಾಸನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

“ನಿಮ್ಮ ಅರ್ಧ ಎಣ್ಣಿ ಕುಡದಿತ್ರಿ. ಈಗ ಇಳದೈತಿ,” ಎಂದಳು.

“ನಿನಗ ಅವತ್ತ ಗೊತ್ತಾಗಿತ್ತೇನು?”

“ಬೆರಳಿಗೆ ಹತ್ತಿತ್ತಲ್ರೀ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಯಾರ ಮಾತು ನಡೀತಿತ್ರಿ? ತೊಳಿಯಾಕೀದೋ, ಉಸ್ತಾದ್ರದ್ದೋ?”

ಅವಳು ಕೈ ಒರೆಸಿಕೊಂಡು ಒಳಗೆ ಹೋಗಿ ತನ್ನ ಮಷೀನು ತಂದಳು. “ಸೇಠ್ ಬರೂದಕ್ಕ ಇನ್ನ ಅರ್ಧ ತಾಸೈತಿ. ಗಾಡಿ ನೆರಳಿಗೆ ಸರಸ್ರಿ. ನಾ ತಿದ್ದಿಬಿಡ್ತೀನಿ. ವಯರ್ ಹಿಡೀರಿ.”

“ನನ್ನ ಸಲುವಾಗಿ ಯಾಕ ಮಾಡ್ತಿ?” ಎಂದೆ.

“ನಿಮ್ಮ ಸಲುವಾಗಿ ಯಾರು ಮಾಡಾಕತ್ತಾರ್ರೀ? ಇಷ್ಟು ಚಂದನ್ ಗಾಡಿ, ಅದೇನ್ ತಪ್ಪು ಮಾಡೈತಿ?”

ನಾನು ವಯರು ಹಿಡಿದೆ. ಅವಳು ಬೆರಳ ಸಂದಿಗೆ ಚಿಂದಿ ಸುತ್ತಿಕೊಂಡಿದ್ದಳು, ಅದರಲ್ಲಿ ಕೆಂಪು ಒಸರಿತ್ತು. ಮಷೀನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ, ಹೊಲದಲ್ಲಿ ಕುಂಟೆ ಹೊಡೆಯುವ ಹಾಗೆ ಸಾಲು ತಪ್ಪದೆ ಎಳೆದಳು. ಮೂರು ಪಾಲು ಮುಗಿದಿತ್ತು, ಹೆಡ್‌ಲೈಟಿನ ಮೇಲಿನ ಒಂದು ಮೊಳ ಉಳಿದಿತ್ತು. ಅಷ್ಟರಲ್ಲಿ ಭಾಸ್ಕರಣ್ಣ ಕೈಯಲ್ಲಿ ಹೂವಿನ ಹಾರದ ಪೊಟ್ಟಣ ಹಿಡಿದುಕೊಂಡು ಬಂದೇಬಿಟ್ಟರು. ಹತ್ತು ನಿಮಿಷ ಮುಂಚೆಯೇ.

ಅವಳ ಕೈಯಲ್ಲಿ ಮಷೀನು, ನನ್ನ ಕೈಯಲ್ಲಿ ವಯರು. ಅವರು ನಿಂತು ನೋಡಿ ನಕ್ಕರು.

“ಓ, ಹೋಗುವ ಮೊದಲು ಅವಳಿಗೆ ಕಲಿಸಿಕೊಡ್ತಾ ಇದ್ದೀರಾ ಉಸ್ತಾದ್ರೆ? ನಿಮ್ಮ ಮನಸ್ಸು ದೊಡ್ಡದು ಮಾರಾಯ್ರೆ.”

ಶಾಂತವ್ವ ಮಷೀನು ಆರಿಸಿದಳು. ನನ್ನನ್ನು ನೋಡಲಿಲ್ಲ. ತನ್ನ ಬೆರಳಿನ ಚಿಂದಿ ಬಿಗಿ ಮಾಡಿಕೊಳ್ಳತೊಡಗಿದಳು. ನಾನು ಹೂಂ ಎಂದಿದ್ದರೆ ಸಾಕಿತ್ತು. ಅಷ್ಟೂ ಬೇಡ, ತಲೆ ಆಡಿಸಿದ್ದರೂ ಆಗುತ್ತಿತ್ತು. ನಿಜ ಹೇಳಬೇಕೆಂದರೆ ಅರ್ಧ ಆಡಿಸಿಯೂ ಬಿಟ್ಟಿದ್ದೆ. ಆಗ ಅವಳು ಮತ್ತೆ ಒದ್ದೆ ಏಪ್ರನ್ನಿಗೆ ಕೈ ಹಾಕಿದ್ದು ಕಂಡಿತು. ನಾನು ವಯರು ಕೆಳಗಿಟ್ಟೆ.

“ಇಲ್ರೀ ಸೇಠ್,” ಎಂದೆ. “ಅವತ್ತ ನಾ ಎಣ್ಣಿ ಹಚ್ಚಿ ಗೆದ್ದೀನಿ. ಆಕೀದು ಛಲೋ ಇತ್ತು. ಈಗ ನನ್ನ ಹೊಲಸು ಆಕಿ ತೊಳಿಯಾಕತ್ತಾಳ. ನಂಬಿಕಿ ಬರಲಿಲ್ಲಂದ್ರ ಗಾಡಿ ಬಿಸಲಿಗೆ ತಗೀರಿ, ಒಂದು ಮೊಳ ಇನ್ನೂ ಉಳದೈತಿ.”

ಭಾಸ್ಕರಣ್ಣ ಕಾರನ್ನು ಬಿಸಿಲಿಗೆ ತೆಗೆಸಿದರು. ಬಗ್ಗಿ ಆ ಒಂದು ಮೊಳವನ್ನು ನೋಡಿದರು. ಅವರು ಕೂಗಾಡುವವರಲ್ಲ, ಆ ದಿನವೂ ಕೂಗಲಿಲ್ಲ. “ಶಾಂತವ್ವ, ಆ ಉಳಿದದ್ದನ್ನು ಮುಗಿಸು. ಮುಗಿಸಿ ಕಾರಿನಲ್ಲಿ ಕೂತುಕೋ, ಅಂಧೇರಿಗೆ ಹೋಗುವ,” ಎಂದರು. ನನ್ನ ಕಡೆ ತಿರುಗಿ, “ಇಲ್ಲಿ ತೊಳೆಯುವುದಕ್ಕೆ ಜನ ಇಲ್ಲದ ಹಾಗಾಯಿತಲ್ಲ ಉಸ್ತಾದ್ರೆ. ನೀವೇ ನೋಡಿಕೊಳ್ಳಿ,” ಎಂದರು.

ನೋಡಿಕೊಂಡೆ. ಇಸ್ತ್ರಿ ಅಂಗಿ ಕಳಚಿ ಬಕೆಟ್ ಹಿಡಿದೆ. ಒಂದು ತಿಂಗಳು ತುಂಬುವ ಮೊದಲೇ ನನ್ನ ಬೆರಳ ಸಂದಿಯೂ ಬೆಳ್ಳಗಾಯಿತು. ಚಪಾತಿ ಮುರಿದು ಪಲ್ಯಕ್ಕೆ ಅದ್ದಿದರೆ ಖಾರ ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಮನೆಯಲ್ಲಿ ಹೆಂಡತಿ ಏನಾಯಿತೆಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ಅವಳು ಮುಲಾಮು ಹಚ್ಚಿಕೊಟ್ಟಳು, ಬಯ್ಗುಳವನ್ನೂ ಸೇರಿಸಿಯೇ ಹಚ್ಚಿದಳು. ಶಾಂತವ್ವ ಇದನ್ನು ವರ್ಷಗಟ್ಟಲೆ ಅನುಭವಿಸಿದ್ದಳು, ನಾನು ಅದರ ಪಕ್ಕದಲ್ಲೇ ಕೂತು ಚಹಾ ಕುಡಿದಿದ್ದೆ.

ಮಳೆಗಾಲ ಕಳೆದ ಮೇಲೆ ಭಾಸ್ಕರಣ್ಣನ ಫೋನು ಬಂತು. ಅಂಧೇರಿಯಲ್ಲಿ ಕೆಲಸ ಹೆಚ್ಚಾಗಿದೆ, ಇನ್ನೊಬ್ಬರು ಬೇಕು, ಶಾಂತವ್ವ ನಿಮ್ಮ ಹೆಸರು ಹೇಳಿದ್ದಾಳೆ ಎಂದರು. ನನಗೆ ನಂಬಲಾಗಲಿಲ್ಲ. ಹೋಗಲು ನಾಚಿಕೆ, ಹೋಗದಿರಲು ಕೈನೋವು. ಕೊನೆಗೆ ಹೋದೆ.

ಶಾಂತವ್ವ ಕಪ್ಪು ಟೀಶರ್ಟು ಹಾಕಿ, ಅದರ ಮೇಲೆ ಸೆರಗು ಬಿಗಿದು ನಿಂತಿದ್ದಳು. ಕೈ ಒಣಗಿತ್ತು, ಸಂದಿಯಲ್ಲಿ ಹೊಸ ಚರ್ಮ ಬಂದಿತ್ತು. ಹಳೆಯ ಸುದ್ದಿ ಎತ್ತಲಿಲ್ಲ. “ಬರ್ರಿ ಉಸ್ತಾದ್ರ, ಚಾ ಆತೇನ್ರಿ?” ಎಂದು ಕೇಳಿ, ಒಂದು ಆರ್ಬಿಟಲ್ ಕೈಗೆ ಕೊಟ್ಟು, ನೀಲಿ ಕಾರಿನ ಎಡಬಾಗಿಲು ತೋರಿಸಿದಳು. ನಾನು ಜನ್ಮದಲ್ಲಿ ಅಷ್ಟು ಎಚ್ಚರದಿಂದ ಕೆಲಸ ಮಾಡಿರಲಿಲ್ಲ. ಒತ್ತಲಿಲ್ಲ, ಅವಸರ ಮಾಡಲಿಲ್ಲ. ಬೆವರು ಕಾರಿನ ಮೇಲೆ ಬೀಳದ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡೆ. ಮುಗಿಸಿ, ಒರೆಸಿ, ಹಿಂದೆ ಸರಿದು ನಿಂತೆ.

ಅವಳು ಬಂದು ಬಾಗಿಲಿನ ಈ ತುದಿಯಿಂದ ಆ ತುದಿಗೆ ನೋಡಿದಳು. ಕೂತು ನೋಡಿದಳು. ಹಿಡಿಯ ಕೆಳಗೆ ನಾನು ಬೇಗ ದಾಟಿ ಹೋಗಿದ್ದ ಅಂಗೈಯಗಲದ ಜಾಗದಲ್ಲಿ ಅವಳ ಬೆರಳು ನಿಂತಿತು. ಅಂಗಡಿಯ ಹುಡುಗರೆಲ್ಲ ನಮ್ಮ ಕಡೆಯೇ ನೋಡುತ್ತಿದ್ದರು. ಅವಳು ನನ್ನ ಹತ್ತಿರ ಬಂದು, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು.

“ಉಸ್ತಾದ್ರ, ಇನ್ನೊಮ್ಮಿ ಮಾಡ್ರಿ.”

ನಾನು ವಯರನ್ನು ಭುಜದ ಮೇಲೆ ಹಾಕಿಕೊಂಡು ಇನ್ನೊಮ್ಮೆ ಮಾಡಿದೆ.